ಬಾಗಿಲು ಹಾಕಿದ ಮೇಲೂ ಮಿಣುಕುವ ದೀಪ

ಹೋದ ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ಕಾರೊಂದು ನನ್ನ ಅಂಗಡಿಗೆ ಬಂತು. ಮಾಲೀಕರೇ ಮನೆಯಲ್ಲಿ ಕೂತು ರೂಫ್ ಲೈಟಿಗೆ ಎಲ್‌ಇಡಿ ಹಾಕಿಕೊಂಡಿದ್ದರು. ಕೆಲಸ ಅಚ್ಚುಕಟ್ಟಾಗಿತ್ತು, ಮುಚ್ಚಳದ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ಆದರೆ ರಾತ್ರಿ ಕಾರು ಲಾಕ್ ಮಾಡಿ ಹೋದ ಮೇಲೂ ಆ ದೀಪ ಬೂದಿ ಮುಚ್ಚಿದ ಕೆಂಡದ ಹಾಗೆ ಮಿಣುಕುತ್ತಿತ್ತು. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಇಳಿದುಹೋದೀತು ಎಂದು ಅವರಿಗೆ ಹೆದರಿಕೆ. ಮಾತಿನ ನಡುವೆ ಇನ್ನೊಂದು ವಿಷಯ ಹೇಳಿದರು: ಬಿಸಿಲು ಬಿದ್ದ ದಿನ ಮಿಣುಕುವುದಿಲ್ಲ, ಮಳೆ ಹಿಡಿದ ದಿನ ಮಾತ್ರ. ಅರ್ಧ ಉತ್ತರ ಅದರಲ್ಲೇ ಇತ್ತು.

ನಮ್ಮಲ್ಲಿ ಓಡುವ ಬಹಳಷ್ಟು ಕಾರುಗಳಲ್ಲಿ ರೂಫ್ ಲೈಟಿಗೆ ಬ್ಯಾಟರಿಯ ಪ್ಲಸ್ ಸದಾ ಬಂದು ನಿಂತಿರುತ್ತದೆ. ಬಾಗಿಲ ಚೌಕಟ್ಟಿನಲ್ಲಿರುವ ಪುಟ್ಟ ಸ್ವಿಚ್ ಅರ್ಥ್, ಅಂದರೆ ಕಾರಿನ ಲೋಹದ ಮೈಯ ಮೂಲಕ ಬ್ಯಾಟರಿಯ ಮೈನಸ್, ಕೊಟ್ಟಾಗ ದೀಪ ಹತ್ತುತ್ತದೆ, ಬಿಡಿಸಿದಾಗ ಆರುತ್ತದೆ. ಆ ಕಾರಿನಲ್ಲಿ ಸ್ವಿಚ್ಚಿನ ರಬ್ಬರ್ ಟೊಪ್ಪಿ ಹರಿದು ಒಳಗೆ ಪಸೆ ಹಿಡಿದಿತ್ತು. ಬಾಗಿಲು ಮುಚ್ಚಿದ್ದರೂ ಆ ಪಸೆಯ ದಾರಿಯಲ್ಲಿ ಒಂದೆರಡು ಮಿಲಿಆಂಪಿಯರ್ ಕರೆಂಟ್ ಕಾರಿನ ತಗಡಿಗೆ ಸೋರುತ್ತಿತ್ತು. ಹಳೆಯ ಬಲ್ಬ್ ಇದ್ದಾಗಲೂ ಸೋರುತ್ತಲೇ ಇದ್ದಿರಬೇಕು, ಯಾರಿಗೂ ಗೊತ್ತಾಗಿರಲಿಲ್ಲ ಅಷ್ಟೆ. ಅಷ್ಟು ಕರೆಂಟಿಗೆ ಬಲ್ಬಿನೊಳಗಿನ ತಂತಿಯೆಳೆ, ಅಂದರೆ ಫಿಲಮೆಂಟ್, ಬೆಚ್ಚಗೂ ಆಗದು. ಎಲ್‌ಇಡಿ ಹಾಗಲ್ಲ, ಒಂದು ಮಿಲಿಆಂಪಿಯರ್ ಸಿಕ್ಕರೂ ಕತ್ತಲಲ್ಲಿ ಕಣ್ಣಿಗೆ ಕಾಣುವಷ್ಟು ಬೆಳಗಿಬಿಡುತ್ತದೆ. ಸ್ವಿಚ್ ಬಿಚ್ಚಿ ಒರೆಸಿ ಒಣಗಿಸಿ, ಹೊಸ ಟೊಪ್ಪಿ ಹಾಕಿದೆ. ಎಲ್‌ಇಡಿಯನ್ನು ಮುಟ್ಟಲೇ ಇಲ್ಲ.

ಕಾರಿನ ಒಳಗಿನ ಬಲ್ಬ್ ತೆಗೆದು ಎಲ್‌ಇಡಿ ಹಾಕುವುದು ಹತ್ತು ನಿಮಿಷದ ಕೆಲಸ. ಅದಕ್ಕಾಗಿ ನನ್ನ ಹತ್ತಿರ ಬರಬೇಕಾಗಿಲ್ಲ ಎಂದು ಗಿರಾಕಿಗಳಿಗೆ ನಾನೇ ಹೇಳುತ್ತೇನೆ. ಆದರೆ ಆ ಹಳೆಯ ಫಿಲಮೆಂಟ್ ಬೆಳಕು ಕೊಡುವುದರ ಜೊತೆಗೆ ಸದ್ದಿಲ್ಲದೆ ಇನ್ನೇನೇನು ಮಾಡುತ್ತಿತ್ತು ಎಂಬುದು ಗೊತ್ತಿರಬೇಕು. ಎಲ್‌ಇಡಿ ಹಾಕಿಸಿಕೊಂಡು ಮತ್ತೆ ನನ್ನಲ್ಲಿಗೆ ಬರುವ ದೂರುಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹುಟ್ಟುತ್ತವೆ.

ಮೊದಲು ಅಳತೆ. ರೂಫ್ ಲೈಟಿನಲ್ಲಿ ಸಾಮಾನ್ಯವಾಗಿ ಇರುವುದು ಎರಡೂ ತುದಿಗೆ ಲೋಹದ ಟೋಪಿ ಇರುವ, ಗಾಜಿನ ಫ್ಯೂಸಿನಂಥ ಉದ್ದ ಬಲ್ಬ್. ಇದನ್ನು ಫೆಸ್ಟೂನ್ ಅನ್ನುತ್ತಾರೆ. 28, 31, 36, 39, 41 ಮಿಲಿಮೀಟರ್ ಹೀಗೆ ಹಲವು ಉದ್ದಗಳಲ್ಲಿ ಬರುತ್ತದೆ. ಮ್ಯಾಪ್ ಲೈಟ್ (ಮುಂದಿನ ಸೀಟಿನವರಿಗೆ ಓದಲು ಇರುವ ಪುಟ್ಟ ದೀಪ), ಡಿಕ್ಕಿ, ನಂಬರ್ ಪ್ಲೇಟ್‌ಗಳಲ್ಲಿ ಹೆಚ್ಚಾಗಿ ಟಿ10, ಅಂದರೆ ಹಿಡಿಕೆಯಿಲ್ಲದೆ ಗಾಜಿನ ಬುಡವೇ ಹೋಲ್ಡರಿಗೆ ಸಿಕ್ಕಿಕೊಳ್ಳುವ 5 ವ್ಯಾಟ್ ಬಲ್ಬ್. ಅಂಗಡಿಗೆ ಹೋಗುವ ಮುಂಚೆ ಬಲ್ಬ್ ಬಿಚ್ಚಿ, ತುದಿಯಿಂದ ತುದಿಗೆ ಸ್ಕೇಲ್ ಇಟ್ಟು ಅಳೆಯಿರಿ. ಸಾಧ್ಯವಾದರೆ ಹಳೆಯದನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ. 36ರ ಜಾಗಕ್ಕೆ 39 ತುರುಕಿದರೆ ಆ ಕ್ಷಣಕ್ಕೆ ಕೂರುತ್ತದೆ, ಆದರೆ ಹಿಡಿಯುವ ಪಟ್ಟಿಗಳು ಬಾಯಿ ಬಿಟ್ಟು, ನಾಲ್ಕು ಹಂಪ್ ಹಾರುವಷ್ಟರಲ್ಲಿ ದೀಪ ಮುಚ್ಚಳದೊಳಗೆ ಬಿದ್ದಿರುತ್ತದೆ. ದಪ್ಪವನ್ನೂ ನೋಡಿಕೊಳ್ಳಿ. ಕೆಲವು ಎಲ್‌ಇಡಿಗಳ ಬೆನ್ನಿಗೆ ಅಲ್ಯೂಮಿನಿಯಂ ಇರುವುದರಿಂದ ಮುಚ್ಚಳ ಕೂರುವುದೇ ಇಲ್ಲ.

ಬಿಚ್ಚುವ ಮೊದಲು ಫ್ಯೂಸ್ ತೆಗೆಯಿರಿ. ಫ್ಯೂಸ್ ಬಾಕ್ಸಿನ ಮುಚ್ಚಳದ ಮೇಲೆ ‘ಡೋಮ್’ ಅಥವಾ ‘ರೂಮ್’ ಎಂದು ಬರೆದಿರುತ್ತದೆ. ಲೈಟ್ ಆಫ್ ಇದೆಯಲ್ಲ ಎಂದು ಧೈರ್ಯ ಮಾಡುವವರು ಬಹಳ. ಪ್ಲಸ್ ಸದಾ ಬಂದು ನಿಂತಿರುತ್ತದೆ ಎಂದೆನಲ್ಲ, ಸ್ಕ್ರೂಡ್ರೈವರ್ ಒಂದು ಕಡೆ ಬಲ್ಬ್ ಹಿಡಿಯುವ ಪಟ್ಟಿಗೆ, ಇನ್ನೊಂದು ಕಡೆ ಚಾವಣಿಯ ತಗಡಿಗೆ ತಾಗಿದರೆ ಫ್ಯೂಸ್ ಹೋಯಿತು. ಎಷ್ಟೋ ಕಾರುಗಳಲ್ಲಿ ಗಡಿಯಾರ, ಸ್ಟೀರಿಯೋ ಮೆಮೊರಿ ಅದೇ ಫ್ಯೂಸಿನ ಮೇಲೆ ಇರುತ್ತವೆ. ‘ಬಲ್ಬ್ ಹಾಕಿದ್ದಕ್ಕೆ ಸ್ಟೀರಿಯೋ ಕೆಟ್ಟಿತು’ ಎಂದು ಬರುವ ಕಾರಿನಲ್ಲಿ ನಾನು ಮೊದಲು ನೋಡುವುದು ಆ ಫ್ಯೂಸನ್ನೇ. ಬ್ಯಾಟರಿ ಟರ್ಮಿನಲ್ಲನ್ನೇ ಬಿಚ್ಚುವುದು ಈ ಸಣ್ಣ ಕೆಲಸಕ್ಕೆ ಬೇಡ.

ದೀಪ ಉರಿಯುತ್ತಿದ್ದರೆ ಐದು ನಿಮಿಷ ಆರಲು ಬಿಡಿ, 10 ವ್ಯಾಟಿನ ಬಲ್ಬ್ ಬೆರಳು ಸುಡುವಷ್ಟು ಕಾಯುತ್ತದೆ. ಮುಚ್ಚಳದ ಅಂಚಿನಲ್ಲಿ ಒಂದು ಕಡೆ ಉಗುರು ಹೋಗುವಷ್ಟು ಕಚ್ಚು ಇರುತ್ತದೆ. ಅಲ್ಲಿಂದಲೇ, ಪ್ಲಾಸ್ಟಿಕ್ ಪಟ್ಟಿಯಿಂದ ಅಥವಾ ತುದಿಗೆ ಟೇಪ್ ಸುತ್ತಿದ ಸ್ಕ್ರೂಡ್ರೈವರಿನಿಂದ ಎಬ್ಬಿಸಿ. ಹಳೆಯ ಕಾರಿನ ಪ್ಲಾಸ್ಟಿಕ್ ಒಣಗಿ ಪೆಡಸಾಗಿರುತ್ತದೆ. ಚಳಿಯ ಮುಂಜಾನೆಗಿಂತ, ಕಾರು ತುಸು ಬೆಚ್ಚಗಾದ ಮಧ್ಯಾಹ್ನ ಈ ಕೆಲಸಕ್ಕೆ ಒಳ್ಳೆಯದು. ಬಲ್ಬ್ ತೆಗೆದ ಮೇಲೆ ಪಟ್ಟಿಗಳ ಮೇಲೆ ಹಸಿರು ಕಿಲುಬು ಕಟ್ಟಿದೆಯೋ ನೋಡಿ. ಮಲೆನಾಡಿನ ಕಾರಿನಲ್ಲಿ ಅದು ಇಲ್ಲದೇ ಇರುವುದು ಅಪರೂಪ. ನುಣುಪಾದ ಮರಳುಕಾಗದದಿಂದ ಉಜ್ಜಿದರೆ ಸಾಕು. ನಿಂಬೆ, ಹುಣಸೆಹುಳಿ ಹಚ್ಚಬೇಡಿ, ಉಳಿದ ಹುಳಿ ಲೋಹವನ್ನು ಮತ್ತೆ ತಿನ್ನುತ್ತದೆ.

ಫಿಲಮೆಂಟಿಗೆ ಪ್ಲಸ್ ಯಾವ ಕಡೆ, ಮೈನಸ್ ಯಾವ ಕಡೆ ಎಂಬ ಭೇದವಿಲ್ಲ. ಎಲ್‌ಇಡಿಗೆ ಉಂಟು. ಒಳ್ಳೆಯವುಗಳ ಒಳಗೆ ಎರಡೂ ಕಡೆ ನಡೆಯುವ ವ್ಯವಸ್ಥೆ ಇರುತ್ತದೆ, ಅಗ್ಗದವುಗಳಲ್ಲಿ ಇರುವುದಿಲ್ಲ. ಹತ್ತದಿದ್ದರೆ ತಿರುಗಿಸಿ ಹಾಕಿ ನೋಡಿ, ತಿರುವುಮುರುವಾಗಿ ಹಾಕಿದ್ದಕ್ಕೆ ಅದು ಸುಡುವುದಿಲ್ಲ. ಹಾಗಾಗಿ ಫ್ಯೂಸ್ ಮತ್ತೆ ಹಾಕಿ ದೀಪ ನೋಡಿದ ಮೇಲೆಯೇ ಮುಚ್ಚಳ ಒತ್ತಿ. ಇನ್ನೊಂದು ವಿಷಯ, ಹಳೆಯ ಬಲ್ಬ್ ಸುತ್ತಲೂ ಬೆಳಕು ಚೆಲ್ಲುತ್ತಿತ್ತು. ಫೆಸ್ಟೂನ್ ಎಲ್‌ಇಡಿ ಹೆಚ್ಚಾಗಿ ಒಂದೇ ಮುಖಕ್ಕೆ ಚೆಲ್ಲುತ್ತದೆ. ಬೆಳಕು ಕೊಡುವ ಚಿಪ್ ಇರುವ ಮುಖ ಕೆಳಕ್ಕೆ ಬರುವ ಹಾಗೆ ಕೂರಿಸದಿದ್ದರೆ ಕಾರಿಗಿಂತ ದೀಪದ ಗೂಡೇ ಹೆಚ್ಚು ಬೆಳಗುತ್ತದೆ.

ಈಗ ಬೆಲೆಯ ಮಾತು. 12 ವೋಲ್ಟ್ ಅನ್ನುತ್ತೇವೆ, ಆದರೆ ನಿಂತ ಕಾರಿನ ತುಂಬಿದ ಬ್ಯಾಟರಿಯಲ್ಲಿ 12.6 ಇರುತ್ತದೆ, ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ 14.4ರವರೆಗೂ ಕೊಡುತ್ತದೆ. ಫಿಲಮೆಂಟ್ ಇದನ್ನು ತಾನೇ ತಡೆದುಕೊಳ್ಳುತ್ತಿತ್ತು. ಹೆಚ್ಚು ಕಾದಷ್ಟೂ ಅದರ ರೋಧ ಹೆಚ್ಚುತ್ತದೆ, ಕರೆಂಟಿಗೆ ತಾನೇ ಕಡಿವಾಣ ಬೀಳುತ್ತದೆ. ಅಗ್ಗದ ಎಲ್‌ಇಡಿಯಲ್ಲಿ ಮೂರು ಚಿಪ್‌ಗಳನ್ನು ಸಾಲಾಗಿ ಜೋಡಿಸಿ ಕರೆಂಟಿಗೆ ತಡೆಯೊಡ್ಡುವ ಒಂದು ರೆಸಿಸ್ಟರ್ ಇಟ್ಟಿರುತ್ತಾರೆ, ಅಷ್ಟೆ. ಮೂರು ಬಿಳಿ ಚಿಪ್‌ಗಳು ಸುಮಾರು 9.3 ವೋಲ್ಟ್ ಹಿಡಿಯುತ್ತವೆ. ಉಳಿದ 3.3 ವೋಲ್ಟ್ ರೆಸಿಸ್ಟರಿನ ಪಾಲು. ಎಂಜಿನ್ ಓಡಿದಾಗ ಆ ಪಾಲು 5.1 ಆಗುತ್ತದೆ. ವೋಲ್ಟೇಜ್ ಏರಿದ್ದು ನೂರಕ್ಕೆ ಹದಿನಾಲ್ಕು, ಕರೆಂಟ್ ಏರಿದ್ದು ಒಂದೂವರೆ ಪಟ್ಟು. ಮನೆ ಮುಂದೆ ನಿಲ್ಲಿಸಿ ನೋಡಿದಾಗ ಚೆಂದ ಉರಿದ ದೀಪ, ದೂರದ ಪ್ರಯಾಣದಲ್ಲಿ ಒಂದೊಂದೇ ಚಿಪ್ ಕಳೆದುಕೊಂಡು ಪಟಪಟ ಹೊಡೆದುಕೊಳ್ಳುವುದು ಇದಕ್ಕೇ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನ ಚಾವಣಿಯಂತೂ ದೀಪ ಹಚ್ಚುವ ಮೊದಲೇ ಕೈ ಇಡಲಾಗದಷ್ಟು ಕಾದಿರುತ್ತದೆ. ಕಾವೇ ಎಲ್‌ಇಡಿಯ ಆಯಸ್ಸು ತಿನ್ನುವುದು. ಪೊಟ್ಟಣದ ಮೇಲೆ 9ರಿಂದ 16 ವೋಲ್ಟ್ ಅಥವಾ ಅದಕ್ಕಿಂತ ವಿಶಾಲವಾದ ಮಿತಿ ಬರೆದಿರುವ, ಒಳಗೆ ಕರೆಂಟ್ ಹತೋಟಿ ಇರುವ ದೀಪಕ್ಕೆ ಎರಡು ಪಟ್ಟು ದುಡ್ಡು ಕೊಟ್ಟರೂ ನಷ್ಟವಿಲ್ಲ. ಅಂಟುಪಟ್ಟಿ ಹಚ್ಚಿ ಚಾವಣಿಯೊಳಗೆ ಅಂಟಿಸುವ ಅಗಲ ಪ್ಯಾನೆಲ್‌ಗಳನ್ನು ನಾನು ಯಾರಿಗೂ ಹಾಕಿಕೊಡುವುದಿಲ್ಲ. ಬೇಸಿಗೆಗೆ ಅಂಟು ಕರಗಿ, ಪ್ಯಾನೆಲ್ ಜಾರಿ, ಅದರ ಬೆನ್ನು ಲೋಹಕ್ಕೆ ತಾಗಿದ್ದನ್ನು ಕಂಡಿದ್ದೇನೆ.

ಕರೆಂಟಿನ ಉಳಿತಾಯ ಮಾತ್ರ ನಿಜವಾದ ಲಾಭ. ಸಣ್ಣ ಕಾರಿನ ಬ್ಯಾಟರಿ ಸಾಮಾನ್ಯವಾಗಿ 35 ಆಂಪಿಯರ್ ಅವರ್. ರಾತ್ರಿ ಒಂಬತ್ತಕ್ಕೆ ಆರಿಸಲು ಮರೆತ 10 ವ್ಯಾಟಿನ ರೂಫ್ ಲೈಟ್ ಬೆಳಿಗ್ಗೆ ಆರರ ಹೊತ್ತಿಗೆ ಏಳೂವರೆ ಆಂಪಿಯರ್ ಅವರ್ ಕುಡಿದಿರುತ್ತದೆ. ಬ್ಯಾಟರಿ ಹಳೆಯದಾಗಿದ್ದರೆ ಸೆಲ್ಫ್ ಎತ್ತುವುದಿಲ್ಲ. ಒಂದು ವ್ಯಾಟಿನ ಎಲ್‌ಇಡಿಗೆ ಅಷ್ಟೇ ಹೊತ್ತಿಗೆ ಮುಕ್ಕಾಲು ಸಾಕು. ಮದುವೆ ಮನೆಯ ಮುಂದೆ ಬಾಗಿಲು ತೆರೆದಿಟ್ಟು ಗಂಟೆಗಟ್ಟಲೆ ಸಾಮಾನು ಇಳಿಸುವವರಿಗೆ ಇದರ ಬೆಲೆ ಗೊತ್ತು.

ಇನ್ನು ಬಣ್ಣ. ಈ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಬಿಳಿ ಎಲ್‌ಇಡಿ ಹುಟ್ಟಿನಿಂದ ನೀಲಿ. ನೀಲಿ ಚಿಪ್ಪಿನ ಮೇಲೆ ಹಳದಿ ಬೆಳಕು ಕೊಡುವ ಪುಡಿ ಲೇಪಿಸಿ ಬಿಳಿ ಮಾಡುತ್ತಾರೆ. ಆ ನೀಲಿ ಎಲ್‌ಇಡಿಯನ್ನು ಸಾಧಿಸಿದ್ದಕ್ಕೆ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಪುಡಿಯ ಲೇಪ ಕಡಿಮೆಯಾದಷ್ಟು ನೀಲಿ ಹೆಚ್ಚು ಉಳಿಯುತ್ತದೆ. ಅಂಗಡಿಯಲ್ಲಿ ಕೇಳಿದ ಕೂಡಲೇ ಕೈಗೆ ಕೊಡುವುದು 6000 ಕೆಲ್ವಿನ್ನಿನ ಈ ನೀಲಿಬಿಳಿ ದೀಪವನ್ನೇ. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಏರಿದಷ್ಟೂ ಬೆಳಕು ನೀಲಿ. ಹಳೆಯ ಬಲ್ಬಿನದು ಸುಮಾರು 2800, ಸಂಜೆಬಿಸಿಲಿನ ಬಣ್ಣ.

ಹಗಲಿನಲ್ಲಿ ಯಾವುದಾದರೂ ಆದೀತು. ಆದರೆ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ರಾತ್ರಿ ಮಂಜಿನಲ್ಲಿ ಇಳಿಯುತ್ತಿದ್ದೀರಿ ಎಂದುಕೊಳ್ಳಿ. ಹಿಂದಿನ ಸೀಟಿನಲ್ಲಿ ಅಮ್ಮ ಮಾತ್ರೆ ಹುಡುಕಲು ಲೈಟ್ ಹಾಕುತ್ತಾರೆ. ಮುಂದಿನ ಗಾಜಿನ ತುಂಬ ಕಾರಿನ ಒಳಗಿನದೇ ಬಿಂಬ. ಲೈಟ್ ಆರಿಸಿದ ಮೇಲೂ ರಸ್ತೆ ಒಂದಷ್ಟು ಹೊತ್ತು ಕಪ್ಪಾಗಿಯೇ ಇರುತ್ತದೆ. ಕತ್ತಲಿಗೆ ಕಣ್ಣು ಪೂರ್ತಿ ಪಳಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಅದನ್ನು ಕೆಡಿಸುವುದರಲ್ಲಿ ನೀಲಿ ಬೆಳಕು ಎಲ್ಲಕ್ಕಿಂತ ಮುಂದು. ತಿರುವಿನಲ್ಲಿ ಕಡವೆಯೋ ಕಾಡೆಮ್ಮೆಯೋ ನಿಂತಿದ್ದರೆ ಆ ಒಂದೆರಡು ಕ್ಷಣವೇ ದೊಡ್ಡದು. ಮೊದಲಿದ್ದ 5 ವ್ಯಾಟ್ ಬಲ್ಬಿನ ಬೆಳಕು 50 ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಆಸುಪಾಸು. ಕಾರು ತಯಾರಿಸಿದವರು ಅಷ್ಟೇ ಇಟ್ಟಿದ್ದು ಜಿಪುಣತನದಿಂದಲ್ಲ. ಓಡುವಾಗ ಹಚ್ಚುವ ಸಂಭವ ಇರುವ ರೂಫ್ ಲೈಟ್, ಮ್ಯಾಪ್ ಲೈಟಿಗೆ 3000ದಿಂದ 4000 ಕೆಲ್ವಿನ್, ನೂರು ಲ್ಯೂಮೆನ್ನಿನೊಳಗೆ ಇರಲಿ. ಡಿಕ್ಕಿಯ ಮಾತು ಬೇರೆ. ಅಲ್ಲಿ ಕಾರು ನಿಲ್ಲಿಸಿಯೇ ದೀಪ ನೋಡುವುದರಿಂದ ಎಷ್ಟು ಪ್ರಕಾಶದ್ದು ಬೇಕಾದರೂ ಹಾಕಿ. ಸ್ಟೆಪ್ನಿ ತೆಗೆಯುವ ರಾತ್ರಿ ಅನುಕೂಲವಾಗುತ್ತದೆ.

ಹೊಸ ಕಾರುಗಳಲ್ಲಿ ಮಿಣುಕುವುದಕ್ಕೆ ಪಸೆಯೇ ಬೇಕಿಲ್ಲ. ಅಲ್ಲಿ ದೀಪವನ್ನು ಆಳುವುದು ಕಂಪ್ಯೂಟರ್. ಬಲ್ಬ್ ಸರಿಯಿದೆಯೇ ಎಂದು ಅದು ಆಗಾಗ ತುಸು ಕರೆಂಟ್ ಕಳಿಸಿ ನೋಡಬಹುದು, ಅಥವಾ ಆಫ್ ಮಾಡಿದಾಗಲೂ ತುಸು ಸೋರಬಿಡಬಹುದು. ತಣ್ಣಗಿರುವ ಫಿಲಮೆಂಟಿನ ರೋಧ ಒಂದೆರಡು ಓಮ್ ಅಷ್ಟೇ ಇರುವುದರಿಂದ ಅದು ಈ ಸೋರಿಕೆಯನ್ನು ನುಂಗಿಬಿಡುತ್ತಿತ್ತು. ಎಲ್‌ಇಡಿ ನುಂಗಲಾರದು. ಬಾಗಿಲ ಸ್ವಿಚ್ ಸರಿಯಿದೆ ಎಂದು ಖಚಿತವಾದ ಮೇಲೆ, ದೀಪದ ಎರಡು ತುದಿಗಳ ನಡುವೆ 1000 ಓಮ್, ಅರ್ಧ ವ್ಯಾಟಿನ ರೆಸಿಸ್ಟರ್ ಬೆಸೆದು ಅದರ ಮೇಲೆ ಪ್ಲಾಸ್ಟಿಕ್ ತೋಳು (ಸ್ಲೀವ್) ಹಾಕಿದರೆ ಸಾಮಾನ್ಯವಾಗಿ ಮಿಣುಕು ನಿಲ್ಲುತ್ತದೆ. ಅದು ಹೆಚ್ಚು ಕಾಯುವುದೂ ಇಲ್ಲ. 5 ವ್ಯಾಟ್ ಬಲ್ಬನ್ನೇ ಅಣಕಿಸುವ 30 ಓಮಿನ ದೊಡ್ಡ ರೆಸಿಸ್ಟರ್ ಬಟ್ಟೆ, ಫೋಮಿನ ಚಾವಣಿಯೊಳಗೆ ಬೇಡವೇ ಬೇಡ, ಬಲ್ಬಿನಷ್ಟೇ ಕಾಯುತ್ತದೆ. ನಿಧಾನಕ್ಕೆ ಆರುವ ದೀಪ ಎಲ್‌ಇಡಿ ಹಾಕಿದ ಮೇಲೆ ಕೊನೆಯಲ್ಲಿ ನಡುಗಿ ಆರಿದರೆ ಚಿಂತೆ ಬೇಡ.

ರೇಡಿಯೋ ಕೇಳುವವರಿಗೆ ಒಂದು ಮಾತು. ಎಷ್ಟೋ ಕಾರುಗಳ ಆಂಟೆನಾ ಚಾವಣಿಯ ಮುಂಭಾಗದಲ್ಲಿ, ಮ್ಯಾಪ್ ಲೈಟಿನ ಪಕ್ಕದಲ್ಲೇ ಇರುತ್ತದೆ. ಕೆಲವು ಎಲ್‌ಇಡಿಗಳ ಒಳಗಿನ ಸರ್ಕ್ಯೂಟ್ ಅಲ್ಲಿಗೆ ಗದ್ದಲ ತುಂಬುತ್ತದೆ. ದೂರದ ಆಕಾಶವಾಣಿ ಕೇಂದ್ರವೊಂದನ್ನು ಹಚ್ಚಿ, ದೀಪ ಹಾಕಿ ಆರಿಸಿ ನೋಡಿ. ಗರಗರ ಸದ್ದು ದೀಪದ ಜೊತೆ ಬಂದು ಹೋದರೆ ಅಂಗಡಿಗೆ ಹಿಂತಿರುಗಿಸಿ.

ಬಲ್ಬಿನ ಜಾಗಕ್ಕೆ ಬಲ್ಬ್ ಹಾಕುವವರೆಗೆ ಮನೆಯ ಕೆಲಸ. ಚಾವಣಿ ಹೊತ್ತಿರುವ ಕಂಬಗಳ ಹೊದಿಕೆ ಎಬ್ಬಿಸಿ ಬಣ್ಣದ ಎಲ್‌ಇಡಿ ಪಟ್ಟಿ ಎಳೆಯುವುದು ಅಲ್ಲ. ಅಪಘಾತದಲ್ಲಿ ಕಿಟಕಿಗೆ ಪರದೆಯ ಹಾಗೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದು ಮಡಿಚಿಕೊಂಡಿರುವುದು ಚಾವಣಿಯ ಅಂಚಿನಲ್ಲೇ. ಅದು ಬಿಚ್ಚಿಕೊಳ್ಳುವ ದಾರಿಗೆ ನಿಮ್ಮ ತಂತಿ ಅಡ್ಡ ಬರಬಾರದು. ಹಳದಿ ಕನೆಕ್ಟರ್ ಅಥವಾ ಹಳದಿ ತೋಳಿನ ತಂತಿ ಕಂಡರೆ ಅದು ಏರ್‌ಬ್ಯಾಗಿನದು, ಕೈ ಹಿಂದಕ್ಕೆ ತೆಗೆಯಿರಿ. ಟಿ10 ಹೊರಗಿನ ಪಾರ್ಕಿಂಗ್ ದೀಪಕ್ಕೂ ಕೂರುತ್ತದೆ ಎಂದು ಅಲ್ಲಿಗೆ ನೀಲಿ, ನೇರಳೆ ಹಾಕುವ ಹುಡುಗರಿದ್ದಾರೆ. ನಂಬರ್ ಪ್ಲೇಟಿನ ದೀಪ ಬಿಳಿಯೇ ಇರಬೇಕೆಂದು ಕಾನೂನಿದೆ. ಹೊರಗಿನ ದೀಪಗಳನ್ನು ಇದ್ದ ಹಾಗೆ ಬಿಡಿ.

ತೆಗೆದ ಹಳೆಯ ಬಲ್ಬನ್ನು ಎಸೆಯಬೇಡಿ. ಬಟ್ಟೆಯಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನ ಗೂಡಿನಲ್ಲಿಡಿ. ಎಂದಾದರೂ ಎಲ್‌ಇಡಿ ಹತ್ತದಿದ್ದರೆ ಅದನ್ನು ಹಾಕಿ ನೋಡಿ. ಹತ್ತಿದರೆ ಎಲ್‌ಇಡಿ ಸತ್ತಿದೆ, ಹತ್ತದಿದ್ದರೆ ಫ್ಯೂಸ್ ಅಥವಾ ತಂತಿಯ ತೊಂದರೆ. ನನ್ನ ಮೇಜಿನ ಮೇಲೆ ಎರಡು ತಂತಿ ಬೆಸೆದ ಅಂಥದೇ ಒಂದು 5 ವ್ಯಾಟ್ ಬಲ್ಬ್ ವರ್ಷಗಳಿಂದ ಇದೆ. ಕಿಲುಬು ತಿಂದು ಒಂದೇ ಎಳೆ ಉಳಿದ ತಂತಿಗೂ ಮಲ್ಟಿಮೀಟರ್ ಪೂರ್ತಿ 12 ವೋಲ್ಟ್ ತೋರಿಸಿಬಿಡುತ್ತದೆ, ಏಕೆಂದರೆ ಅದು ಕರೆಂಟನ್ನು ಎಳೆಯುವುದೇ ಇಲ್ಲ. ಬಲ್ಬ್ ಎಳೆಯುತ್ತದೆ, ತಂತಿ ಸೋತಲ್ಲಿ ಮಂಕಾಗುತ್ತದೆ. ರೂಫ್ ಲೈಟಿನ ದೂರು ಬಂದರೆ ಈಗಲೂ ನಾನು ಮೊದಲು ಕೈಗೆತ್ತಿಕೊಳ್ಳುವುದು ಅದನ್ನೇ.