ಉಜ್ಜುವ ಮೊದಲು ಒಂದು ಹನಿ ಸ್ಪಿರಿಟ್

ಊಟದ ಮೇಜು ಮಾಸಿತೆಂದು ನನ್ನನ್ನು ಕರೆಸುವವರು ಹೇಳುವ ಮಾತು ಒಂದೇ: “ಪೂರ್ತಿ ಉಜ್ಜಿ ತೆಗೆದು ಹೊಸ ಪಾಲಿಶ್ ಹಾಕಿಬಿಡಿ.” ಕಳೆದ ಬೇಸಿಗೆಯಲ್ಲಿ ಸಾಗರದ ಕಡೆಯ ಮನೆಯೊಂದರಲ್ಲೂ ಇದನ್ನೇ ಕೇಳಿದೆ. ಅಜ್ಜನ ಕಾಲದ ಸಾಗುವಾನಿ ಮೇಜು. ಯಜಮಾನರು ಕುಳಿತುಕೊಳ್ಳುವ ಕಡೆ ಮೊಣಕೈ ತಾಗಿ ತಾಗಿ ಹೊಳಪು ಹೋಗಿತ್ತು. ನಡುವೆ ಬಿಸಿ ಅನ್ನದ ಪಾತ್ರೆ ಬಿಟ್ಟ ಬಿಳಿ ಉಂಗುರ, ಮೂಲೆಯಲ್ಲಿ ಕಪ್ಪು ಕಲೆ.

ನಾನು ಸ್ಯಾಂಡ್‌ಪೇಪರ್ ಹೊರತೆಗೆಯಲಿಲ್ಲ. ಹಳೆಯ ಪಾಲಿಶ್ ಯಾವುದೆಂದು ತಿಳಿಯಲು ಮೇಜಿನ ಕಾಲಿನ ಒಳಬದಿಗೆ, ಕಣ್ಣಿಗೆ ಬೀಳದ ಕಡೆ, ಹತ್ತಿಯಿಂದ ಒಂದು ಹನಿ ಸ್ಪಿರಿಟ್, ಅಂದರೆ ಆಲ್ಕೋಹಾಲ್, ಹಚ್ಚಿದೆ. ಅರೆ ನಿಮಿಷದಲ್ಲಿ ಅಂಟಂಟಾಯಿತು. ಅಂದರೆ ಅರಗಿನ ಪಾಲಿಶ್, ನಾವು ಫ್ರೆಂಚ್ ಪಾಲಿಶ್ ಎನ್ನುವುದು. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಬಹುಮಟ್ಟಿಗೆ ಮೆಲಮೈನ್ ಅಥವಾ ಪಿಯು (ಪಾಲಿಯುರಿಥೇನ್) ಎಂಬ ಗಟ್ಟಿ ಲೇಪ. (2020ರಲ್ಲಿ ಸ್ಯಾನಿಟೈಸರ್ ಸುರಿದು ಒರೆಸಿದ ಹಳೆಯ ಮೇಜುಗಳು ಏಕೆ ಹಾಳಾದವೆಂದು ಈಗ ತಿಳಿಯಿತಲ್ಲ, ಅದರಲ್ಲಿದ್ದದ್ದೂ ಆಲ್ಕೋಹಾಲೇ.)

ಅರಗಿನ ದೊಡ್ಡ ಗುಣವೆಂದರೆ ಹೊಸ ಲೇಪ ಹಳೆಯದನ್ನು ತುಸು ಕರಗಿಸಿ ಅದರೊಂದಿಗೆ ಬೆರೆಯುತ್ತದೆ. ಆದ್ದರಿಂದ ಹಳೆಯದನ್ನು ಕಿತ್ತೊಗೆಯುವುದು ವ್ಯರ್ಥ ಶ್ರಮ. ತುಪ್ಪ, ಎಣ್ಣೆಯ ಜಿಡ್ಡನ್ನು ಟರ್ಪೆಂಟೈನ್‌ನಿಂದ ಒರೆಸಿ, 320ನೇ ನಂಬರಿನ ನಯವಾದ ಸ್ಯಾಂಡ್‌ಪೇಪರನ್ನು ಮರದ ಎಳೆಯ ಗುಂಟ ಹಗುರವಾಗಿ ಆಡಿಸಿದರೆ ಸಾಕು. ಹಳೆಯ ಪಂಚೆಯ ಬಟ್ಟೆಯಲ್ಲಿ ಹತ್ತಿ ಕಟ್ಟಿದ ಉಂಡೆಯಿಂದ ತೆಳುವಾಗಿ, ಹಲವು ಸಲ ಹಚ್ಚಬೇಕು. ಉಂಡೆ ಮೇಜಿನ ಮೇಲೆ ಒಂದು ಕ್ಷಣವೂ ನಿಲ್ಲಬಾರದು. ನಿಂತರೆ ಅಲ್ಲೇ ಅಂಟಿ ಗಾಯವಾಗುತ್ತದೆ. ಒಲೆ ಉರಿಯುತ್ತಿರುವ ಅಡುಗೆಮನೆಯ ಪಕ್ಕದಲ್ಲಂತೂ ಸ್ಪಿರಿಟ್ ಬಾಟಲಿ ತೆರೆಯಬೇಡಿ.

ಬಿಳಿ ಉಂಗುರಕ್ಕೆ ಹೆದರಬೇಕಿಲ್ಲ. ತೇವ ಪಾಲಿಶಿನೊಳಗೆ ಸಿಕ್ಕಿಕೊಂಡಿದೆ, ಅಷ್ಟೇ; ಸ್ಪಿರಿಟ್ ತಾಗಿತೋ ಇಲ್ಲವೋ ಎನ್ನುವಷ್ಟು ಒಣಗಿದ ಉಂಡೆಯನ್ನು ನಾಲ್ಕಾರು ಸಲ ಸವರಿದಾಗ ಆ ಮೇಜಿನದು ಮಾಯವಾಯಿತು. ಕಪ್ಪು ಕಲೆಯದು ಬೇರೆ ಕಥೆ. ನೀರು ಮರಕ್ಕೇ ಇಳಿದು, ಕಬ್ಬಿಣದ ಅಂಶ ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶದ ಜೊತೆ ಸೇರಿ ಕಪ್ಪಾಗಿರುತ್ತದೆ. ಅಲ್ಲಿ ಮಾತ್ರ ಪಾಲಿಶ್ ತೆಗೆದು, ಕೈಗವಸು ತೊಟ್ಟು, ಆಕ್ಸಾಲಿಕ್ ಆಮ್ಲದ ದ್ರಾವಣ ಹಚ್ಚಿ, ಚೆನ್ನಾಗಿ ತೊಳೆದು ಒಣಗಿಸಿದೆ. ಬಣ್ಣ ಹೊಂದಿಸಲು ಎರಡು ದಿನ ಹಿಡಿಯಿತು.

ಮೇಜು ಪ್ಲೈವುಡ್ಡಿನದಾದರೆ ಅಂಚನ್ನು ಮೊದಲು ನೋಡಿ. ಮೇಲೆ ಅಂಟಿಸಿದ ತೆಳು ಮರದ ಹಾಳೆ, ಅಂದರೆ ವಿನಿಯರ್, ಅರ್ಧ ಮಿಲಿಮೀಟರ್ ಆಸುಪಾಸು ಮಾತ್ರ ಇರುವುದುಂಟು; ಉಜ್ಜುವ ಯಂತ್ರ ಅದನ್ನು ದಾಟಿ ಹೋದರೆ ನನ್ನ ಕೈಯಲ್ಲೂ ಏನೂ ಇಲ್ಲ.

ಪುಟ್ಟ ಮಕ್ಕಳಿರುವ ಮನೆಗೆ ನಾನು ಪಿಯು ಹೇಳುತ್ತೇನೆ. ನೀರು, ಬಿಸಿ ಎರಡನ್ನೂ ಅರಗಿಗಿಂತ ಚೆನ್ನಾಗಿ ತಡೆಯುತ್ತದೆ. ಆದರೆ ಮೇಣದ ಅಂಶವಿರುವ ಅರಗಿನ ಮೇಲೆ ಅದು ಸರಿಯಾಗಿ ಕಚ್ಚುವುದಿಲ್ಲ. ಮಳೆಗಾಲದಲ್ಲಿ ಅರಗಿನ ಕೆಲಸ ನಾನು ಒಪ್ಪಿಕೊಳ್ಳುವುದೇ ಇಲ್ಲ, ಗಾಳಿಯ ತೇವಕ್ಕೆ ಲೇಪ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಕೆಲಸ ಮುಗಿದ ಮೇಲೂ ಒಂದು ವಾರ ಮೇಜಿನ ಮೇಲೆ ಬಿಸಿ ಪಾತ್ರೆ ಬೇಡವೆಂದೆ. ಆ ಮನೆಯ ಅಜ್ಜಿಗೆ ಬಹಳ ಖುಷಿಯಾಯಿತು: ಎಲ್ಲರೂ ನೆಲದ ಮೇಲೆ ಬಾಳೆಲೆ ಹಾಕಿಕೊಂಡು ಕುಳಿತರು.