ಬೇಲಿಗೆ ಬಿದ್ದ ಕೊಡಲಿ ಮತ್ತು ಟೈಮ್ ಟರ್ನರ್

ಹ್ಯಾರಿ ಪಾಟರ್ ಓದಿದವರು ಇಬ್ಬರು ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತದೆ: ಕಾಲವನ್ನು ಹಿಂದಕ್ಕೆ ತಿರುಗಿಸುವ ಟೈಮ್ ಟರ್ನರ್ ಇದ್ದೂ ಹ್ಯಾರಿಯ ಶಾಲೆಯ ವಿದ್ಯಾರ್ಥಿ ಸೆಡ್ರಿಕ್ ಡಿಗರಿಯನ್ನು ಏಕೆ ಉಳಿಸಿಕೊಳ್ಳಲಿಲ್ಲ?

ಆ ಸಾಧನ ಬಂದದ್ದು 1999ರ ಮೂರನೆಯ ಪುಸ್ತಕದಲ್ಲಿ. ಒಂದೇ ವೇಳೆಗೆ ಬೀಳುವ ಹಲವು ತರಗತಿಗಳಿಗೆ ಹಾಜರಾಗಲೆಂದು ಹ್ಯಾರಿಯ ಗೆಳತಿ ಹರ್ಮಯಾನಿಯ ಕೊರಳಿಗೆ ಬಂದ ಪುಟ್ಟ ಮರಳು ಗಡಿಯಾರ ಅದು. ಮೂರು ಸುತ್ತು ತಿರುಗಿಸಿದರೆ ಮೂರು ಗಂಟೆ ಹಿಂದಕ್ಕೆ. ಮರುವರ್ಷದ ನಾಲ್ಕನೆಯ ಪುಸ್ತಕದಲ್ಲಿ ಸೆಡ್ರಿಕ್ ಸತ್ತಾಗ ಯಾರೂ ಅದರ ಸುದ್ದಿ ಎತ್ತಲಿಲ್ಲ. ಪ್ರಶ್ನೆ ಹುಟ್ಟಿದ್ದು ಆ ಮೌನದಿಂದ.

ಲೇಖಕಿ ರೌಲಿಂಗ್ ಕಂಡುಕೊಂಡ ದಾರಿ ಒಡೆದುಹಾಕುವುದು. 2003ರ ಐದನೆಯ ಪುಸ್ತಕದ ಕಾಳಗದಲ್ಲಿ ಟೈಮ್ ಟರ್ನರ್‌ಗಳಿದ್ದ ಕಪಾಟು ಉರುಳಿತು. ಮಾಂತ್ರಿಕರ ಸಚಿವಾಲಯದ ದಾಸ್ತಾನೆಲ್ಲ ಪುಡಿಯಾಯಿತೆಂದು ಆರನೆಯದರಲ್ಲಿ ಹರ್ಮಯಾನಿಯೇ ಹೇಳುತ್ತಾಳೆ. ಕಾಲಯಾನವನ್ನು ತೀರಾ ಹಗುರವಾಗಿ ಕೈಗೆತ್ತಿಕೊಂಡೆನೆಂದು ಲೇಖಕಿ ಆಮೇಲೆ ಬರೆದರು. ಸುಮಾರು ಐದು ಗಂಟೆಗಿಂತ ಹಿಂದೆ ಹೋಗುವುದು ಅಪಾಯ ಎಂಬ ಮಿತಿಯನ್ನೂ ಸೇರಿಸಿದರು. ಆದರೆ ಹ್ಯಾರಿ ಸೆಡ್ರಿಕ್‌ನ ದೇಹದೊಂದಿಗೆ ಅದೇ ರಾತ್ರಿ ಮರಳಿದ್ದ. ಐದು ಗಂಟೆಯ ತೇಪೆ ಅಲ್ಲಿಗೆ ಸಾಲುವುದಿಲ್ಲ.

ನನ್ನ ಮಟ್ಟಿಗೆ ತೇಪೆ ಬೇಕಾಗಿಯೇ ಇರಲಿಲ್ಲ. ಮೂರನೆಯ ಪುಸ್ತಕವನ್ನು ಮತ್ತೆ ತೆರೆಯಿರಿ. ಹದ್ದಿನ ತಲೆ, ಕುದುರೆಯ ಮೈಯ ಹಿಪ್ಪೊಗ್ರಿಫ್ ಬಕ್‌ಬೀಕ್‌ಗೆ ಮರಣದಂಡನೆ. ದೂರದಲ್ಲಿರುವ ಮಕ್ಕಳಿಗೆ ಕೊಡಲಿ ಬಿದ್ದ ಸದ್ದು, ಅದರ ಬೆನ್ನಿಗೇ ಬಕ್‌ಬೀಕ್‌ನನ್ನು ನೋಡಿಕೊಳ್ಳುತ್ತಿದ್ದ ಹ್ಯಾಗ್ರಿಡ್‌ನ ಗೋಳು ಕೇಳಿಸುತ್ತದೆ. ಪ್ರಾಣಿ ಸತ್ತಿತೆಂದು ಓದುಗರೂ ನಂಬುತ್ತಾರೆ. ಹ್ಯಾರಿ, ಹರ್ಮಯಾನಿ ಕಾಲದಲ್ಲಿ ಹಿಂದೆ ಹೋಗಿ ಮರೆಯಲ್ಲಿ ನಿಂತಾಗಲೂ ಕೇಳುವುದು ಅದೇ ಸದ್ದು: ಅವರೇ ಮೊದಲು ಬಿಡಿಸಿಕೊಂಡು ಹೋಗಿದ್ದ ಬಕ್‌ಬೀಕ್ ಕಾಣದೆ ಸಿಟ್ಟಾದ, ದಂಡನೆ ಜಾರಿ ಮಾಡಲು ಬಂದವನು ಕೊಡಲಿಯನ್ನು ಬೇಲಿಗೆ ಬೀಸಿದ್ದ. ಹ್ಯಾಗ್ರಿಡ್ ಅತ್ತದ್ದು ಸಂತೋಷಕ್ಕೆ. ಅಂದರೆ ಬಕ್‌ಬೀಕ್ ಸತ್ತೇ ಇರಲಿಲ್ಲ. ಮಕ್ಕಳು ಏನನ್ನೂ ಬದಲಿಸಲಿಲ್ಲ, ನಡೆದುದರಲ್ಲಿ ತಮ್ಮ ಪಾಲನ್ನು ಮಾಡಿ ಮುಗಿಸಿದರು. ಸೆಡ್ರಿಕ್‌ನ ದೇಹವನ್ನಾದರೋ ಹೆತ್ತ ತಂದೆಯೇ ಕಣ್ಣಾರೆ ಕಂಡ. ಅಲ್ಲಿ ಬೇರೆ ಅರ್ಥಕ್ಕೆ ಎಡೆಯೇ ಇಲ್ಲ.

ನಿಜವಾದ ಬಿರುಕು ಬೇರೊಂದಿದೆ. ತಮ್ಮ ಹಿಂದಿನ ರೂಪವನ್ನೇ ತಪ್ಪಿ ಕೊಂದ ಮಾಂತ್ರಿಕರಿದ್ದಾರೆ ಎಂದು ಅದೇ ಅಧ್ಯಾಯದಲ್ಲಿ ಹರ್ಮಯಾನಿ ಎಚ್ಚರಿಸುತ್ತಾಳೆ. ಹಿಂದಿನವನು ಸತ್ತರೆ, ಹಿಂದಕ್ಕೆ ಬಂದು ಕೊಂದವನು ಯಾರು? ಈ ಒಂದು ಮಾತು ಇಡೀ ಅಧ್ಯಾಯದ ಲೆಕ್ಕಕ್ಕೆ ಎದುರು ನಿಲ್ಲುತ್ತದೆ. ನಾಲ್ಕನೆಯ ಪುಸ್ತಕದ ಮೊದಲ ಮುದ್ರಣಗಳಲ್ಲಿ ಹ್ಯಾರಿಯ ಸತ್ತ ತಂದೆತಾಯಿಯ ಛಾಯೆಗಳು ಮಂತ್ರದಂಡದಿಂದ ತಪ್ಪು ಕ್ರಮದಲ್ಲಿ ಹೊರಬಂದಿದ್ದವು. ಮುಂದಿನ ಮುದ್ರಣಗಳಲ್ಲಿ ಅದನ್ನು ತಿದ್ದಲಾಯಿತು. ಹರ್ಮಯಾನಿಯ ಆ ಮಾತಿಗೆ ಅಂಥ ಭಾಗ್ಯ ಬರಲಿಲ್ಲ.

ಬದಲಿಗೆ, 2016ರಲ್ಲಿ ಲಂಡನ್ನಿನಲ್ಲಿ ರಂಗಕ್ಕೆ ಬಂದ ‘ಹ್ಯಾರಿ ಪಾಟರ್ ಅಂಡ್ ದಿ ಕರ್ಸ್ಡ್ ಚೈಲ್ಡ್’ ನಾಟಕ ಆ ಬಿರುಕನ್ನೇ ಬಾಗಿಲು ಮಾಡಿಕೊಂಡಿತು. ಹ್ಯಾರಿಯ ಮಗ ಆಲ್ಬಸ್ ಸೆಡ್ರಿಕ್‌ನನ್ನು ಉಳಿಸಲು ಕಾಲವನ್ನು ಕೆದಕುತ್ತಾನೆ. ಗೆಳೆಯ ಸ್ಕಾರ್ಪಿಯಸ್ ಒಬ್ಬನೇ ಮರಳಿ ಬಂದಾಗ ಹ್ಯಾರಿ ಎಂದೋ ಸತ್ತಿದ್ದಾನೆ, ಆಲ್ಬಸ್ ಹುಟ್ಟಿಯೇ ಇಲ್ಲ. ಆ ನಾಟಕಕ್ಕಿಂತ ಹದಿನೇಳು ವರ್ಷ ಮೊದಲು ಬೇಲಿಗೆ ಬಿದ್ದ ಆ ಕೊಡಲಿಯನ್ನು ಪ್ರೀತಿಸಿದ ನನಗೆ ಆ ದೃಶ್ಯ ಇಂದಿಗೂ ನೋವು ಕೊಡುತ್ತದೆ.