ಒಲೆಗಲ್ಲ, ಎಲೆಗೆ

ಜೇನು ಸಾಕಣೆಯ ತರಬೇತಿಗೆ ಬಂದವರು ಮೊದಲು ಕೇಳುವುದು "ಕಚ್ಚುತ್ತದಾ?", ಆಮೇಲೆ "ಪೆಟ್ಟಿಗೆಗೆ ಎಷ್ಟು ಕಿಲೋ ಸಿಗುತ್ತದೆ?" ಕಚ್ಚುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಜೇನು ತುಡುವೆಯಾದರೆ ವರ್ಷಕ್ಕೆ 5ರಿಂದ 10 ಕಿಲೋ, ಅದೂ ಆ ವರ್ಷದ ಹೂವು, ಮಳೆ ನೋಡಿಕೊಂಡು. ಮಾರಲೆಂದೇ ಹೊರಟವರಿಗೆ ಈ ಲೆಕ್ಕ ಸಪ್ಪೆ ಅನ್ನಿಸಬಹುದು. ಮನೆಯ ಅಡುಗೆಗಾದರೆ ಎರಡು ಪೆಟ್ಟಿಗೆ ಧಾರಾಳ. ನೆಂಟರಿಗೂ ಒಂದೊಂದು ಬಾಟಲಿ ಕೊಟ್ಟು ಕಳಿಸಬಹುದು.

ನಾನು ಅವರಿಗೆ ಹೇಳುವುದು ಒಂದೇ: ತೆಗೆದ ಜೇನುತುಪ್ಪವನ್ನೆಲ್ಲ ಒಂದೇ ಭರಣಿಗೆ ಸುರಿಯಬೇಡಿ. ಪ್ರತಿ ಸಲದ್ದನ್ನೂ ಬೇರೆ ಬಾಟಲಿಗೆ ಹಾಕಿ, ತಿಂಗಳು ಬರೆದು ಅಂಟಿಸಿ. ನಮ್ಮ ಪುತ್ತೂರು, ಸುಳ್ಯದ ಕಡೆ ಚಳಿಗಾಲದ ಕೊನೆಗೆ ರಬ್ಬರ್ ಮರ ಎಲೆ ಉದುರಿಸಿ ಚಿಗುರುತ್ತದೆ. ಆ ಎಳೆ ಎಲೆಯ ತೊಟ್ಟಿನ ತುದಿಯ ಗ್ರಂಥಿಗಳಲ್ಲಿ ಸಿಹಿರಸ ಒಸರುತ್ತದೆ, ಜೇನುಗಳು ಅದನ್ನೇ ಹೀರಿ ತರುತ್ತವೆ. ಅಂದರೆ ಹೂವಿನ ಮುಖವನ್ನೇ ನೋಡದ ಜೇನುತುಪ್ಪ! ಬಣ್ಣ ತಿಳಿ, ಸಿಹಿ ನೇರ. ಅದರ ಹಿಂದೆಯೇ ಬರುವ ನೇರಳೆಯದ್ದು ಕಪ್ಪು ಬಣ್ಣಕ್ಕೆ ತಿರುಗಿರುತ್ತದೆ, ನುಂಗಿದ ಮೇಲೆ ನಾಲಗೆಯಲ್ಲಿ ಸಣ್ಣ ಕಹಿ ಉಳಿಯುತ್ತದೆ. ಕೊಡಗಿನವರ ಲೆಕ್ಕ ಬೇರೆ. ಬೇಸಿಗೆಯ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತದೆ, ಆ ಎರಡು ಮೂರು ದಿನ ಜೇನುಗಳಿಗೆ ಪುರುಸೊತ್ತಿರುವುದಿಲ್ಲ.

ನನ್ನ ಮೊದಲ ವರ್ಷದ ಕತೆ ಹೇಳಲೇಬೇಕು. ಎರಿ (ಜೇನುಗಳು ಕಟ್ಟುವ ಮೇಣದ ಹುಟ್ಟು) ತುಂಬಿದ್ದು ಕಂಡದ್ದೇ ಆಸೆ ತಡೆಯಲಿಲ್ಲ. ಜೇನುಗಳು ಮೇಣದ ಮುಚ್ಚಳ ಹಾಕುವ ಮೊದಲೇ ಚೌಕಟ್ಟು ಎತ್ತಿ ಜೇನು ತೆಗೆಯುವ ಯಂತ್ರಕ್ಕಿಟ್ಟು ತಿರುಗಿಸಿದೆ. ಮೂರು ಬಾಟಲಿ ಅಟ್ಟದ ಮೇಲೆ ಬೆಚ್ಚಗೆ ಕೂತವು. ಜೂನ್ ಮಳೆಯ ಒಂದು ರಾತ್ರಿ ಪಟಾರೆಂದು ಸದ್ದಾಯಿತು, ಬೆಕ್ಕೇನೋ ಬೀಳಿಸಿತೆಂದು ಮತ್ತೆ ಮಲಗಿದೆವು. ಬೆಳಿಗ್ಗೆ ನೋಡಿದರೆ ಮುಚ್ಚಳ ಹಾರಿ, ನೊರೆ ಉಕ್ಕಿ, ಅಟ್ಟವಿಡೀ ಕಳ್ಳಿನ ವಾಸನೆ. ಮಕರಂದದಲ್ಲಿ ಬಹುಪಾಲು ನೀರೇ. ಜೇನುಗಳು ರೆಕ್ಕೆ ಬೀಸಿ ಬೀಸಿ ಆ ನೀರನ್ನು ಆರಿಸಿ, ಹದ ಬಂದ ಮೇಲಷ್ಟೇ ಮುಚ್ಚುತ್ತವೆ. ನೀರಿನಂಶ ಶೇ. 20ರ ಆಸುಪಾಸಿಗೆ ಇಳಿಯದಿದ್ದರೆ ಹುಳಿ ಬರಿಸುವ ಯೀಸ್ಟ್‌ಗೆ ಹಬ್ಬ. ಎರಿಯ ಮುಕ್ಕಾಲು ಭಾಗವಾದರೂ ಮುಚ್ಚಿರದೆ ಈಗ ನಾನು ಕೈ ಹಾಕುವುದಿಲ್ಲ. ಮರಿಗಳು ಬೆಳೆಯುವ ಸಂಸಾರ ಕೋಣೆಯ ಎರಿಗಂತೂ ಮುಟ್ಟುವುದೇ ಇಲ್ಲ. ಮಳೆಗಾಲದಲ್ಲಿ ಹೊರಗೆ ಹೋಗಲಾಗದ ಜೇನು ಕುಟುಂಬ ಅದನ್ನೇ ನೆಚ್ಚಿಕೊಂಡಿರುತ್ತದೆ. ಸಾಲದೆ ಬಂದರೆ ಸಕ್ಕರೆ ಪಾಕ ಇಡಬೇಕು.

1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳು ಬಹುಪಾಲು ಅಳಿದವು. ಮರಿಗಳು ನೀರು ತುಂಬಿದ ಚೀಲದಂತಾಗಿ ಸಾಯುವ ವೈರಸ್ ರೋಗ ಅದು. ಖಾಲಿ ಪೆಟ್ಟಿಗೆಗಳನ್ನು ಕೋಳಿ ಕಾವಿಗಿಟ್ಟವರನ್ನು ನಾನು ಬಲ್ಲೆ. ಇಂದಿಗೂ ಅದು ಪೂರ್ತಿ ಹೋಗಿಲ್ಲ. ಹಾಗಾಗಿ ಗೊತ್ತಿಲ್ಲದ ಕಡೆಯಿಂದ ಅಗ್ಗಕ್ಕೆ ಸಿಕ್ಕಿತೆಂದು ಕುಟುಂಬ ತರುವ ಮೊದಲು ಮರಿಗಳನ್ನು ನೋಡಿ.

ಇನ್ನು ಅಡುಗೆ. ತರಬೇತಿಗೆ ಬಂದಿದ್ದ ಒಬ್ಬ ಅಜ್ಜಿ, ಹೋಳಿಗೆ ಹೂರಣಕ್ಕೆ ಜೇನು ಹಾಕಿ ಕಾಯಿಸಬಹುದೇ ಎಂದು ಯಾರೋ ಕೇಳಿದಾಗ, ನನಗಿಂತ ಮೊದಲೇ "ಅದು ಒಲೆಗಲ್ಲ ಮಾರಾಯ್ತಿ, ಎಲೆಗೆ" ಅಂದುಬಿಟ್ಟರು. ಆಯುರ್ವೇದದವರೂ ಕಾಯಿಸಬೇಡಿ ಎನ್ನುತ್ತಾರೆ. ನನ್ನ ಕಾರಣ ಇನ್ನೂ ಸರಳ: ಕುದಿಸಿದರೆ ಮೊದಲು ಹಾರಿಹೋಗುವುದೇ ಪರಿಮಳ, ಆಮೇಲೆ ಕಿಣ್ವಗಳು. ಉಳಿಯುವುದು ಬರೀ ಸಿಹಿ, ಅದಕ್ಕೆ ಬೆಲ್ಲವೇ ಸಾಕಲ್ಲ? ಕೇಕಿಗೆ ಹಾಕುವುದಾದರೆ ಸಕ್ಕರೆಯ ಮುಕ್ಕಾಲು ಪಾಲು ಹಾಕಿ ಹಾಲು ಕಡಿಮೆ ಮಾಡಿ, ಬೇಗ ಕೆಂಪಾಗುತ್ತದಾದ್ದರಿಂದ ಓವನ್ ಉರಿಯನ್ನೂ ಇಳಿಸಿ. ಆದರೆ ಒಳ್ಳೆಯ ಬಾಟಲಿಯನ್ನು ಅದಕ್ಕೆ ಮುಗಿಸಬೇಡಿ.

ನಮ್ಮಲ್ಲಿ ಬೆಳಗಿನ ತೆಳ್ಳೇವಿಗೆ (ತೆಳು ಅಕ್ಕಿದೋಸೆ) ಜೇನು ಎಲೆಯ ಬದಿಗೆ ಬೀಳುತ್ತದೆ, ಮೇಲೊಂದು ಮಿಳ್ಳೆ ತುಪ್ಪ. ಹಲಸಿನ ಹಣ್ಣಿನ ಕೊಟ್ಟಿಗೆಯನ್ನು (ಎಲೆಯಲ್ಲಿ ಬೇಯಿಸಿದ ಕಡುಬು) ಬಿಸಿಯಿರುವಾಗ ಮುರಿದು ನೇರಳೆಯ ಜೇನಿನಲ್ಲಿ ಅದ್ದಿದರೆ ಹಣ್ಣಿನ ಅತಿ ಸಿಹಿಗೆ ಆ ಕಹಿ ಕಡಿವಾಣ ಹಾಕುತ್ತದೆ. ಬಾಳೆಹಣ್ಣಿನ ರಸಾಯನಕ್ಕೆ ಕಾಯಿಹಾಲು ಹಿಂಡಿ, ಬೆಲ್ಲ ಅರ್ಧ ಮಾಡಿ, ಬಡಿಸುವ ಹೊತ್ತಿಗೆ ಜೇನು. ನನ್ನ ಮೆಚ್ಚಿನದು ಗಾಂಧಾರಿ ಮೆಣಸು: ತೊಳೆದು, ನೀರಿನ ಪಸೆ ಇಲ್ಲದಂತೆ ನೆರಳಲ್ಲಿ ಒಣಗಿಸಿ, ತುಸು ಸೀಳಿ ಜೇನಿನಲ್ಲಿ ಮುಳುಗಿಸಿಡಿ. ತಿಂಗಳು ಕಳೆದರೆ ಮೆಣಸು ಸಿಹಿ, ಜೇನು ಖಾರ, ಮೊಸರನ್ನಕ್ಕೆ ನಾಲ್ಕು ಹನಿ ಸಾಕು. ಪಸೆ ಉಳಿದರೆ ನನ್ನ ಅಟ್ಟದ ಕತೆಯೇ ಮತ್ತೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಹನಿಯೂ ಬೇಡ. ನಾಲಗೆಗೆ ಜೇನು ಸವರುವ ಶಾಸ್ತ್ರ ಎಷ್ಟೇ ಹಳೆಯದಿರಲಿ, ಜೇನಿನಲ್ಲಿರಬಹುದಾದ ಬೊಟುಲಿಸಂ ಬೀಜಾಣುಗಳನ್ನು ಎಳೆಯ ಕರುಳು ತಡೆಯದು.

ರಬ್ಬರಿನ ಜೇನು ಬೇಗ ಹರಳುಗಟ್ಟುತ್ತದೆ. "ಸಕ್ಕರೆ ಬೆರೆಸಿದ್ದೀಯಾ" ಎಂದು ನನ್ನ ಭಾವನೇ ಒಂದು ಬಾಟಲಿ ವಾಪಸು ತಂದುಕೊಟ್ಟಿದ್ದರು. ಗ್ಲೂಕೋಸ್ ಹೆಚ್ಚಿರುವ ಜೇನು ತಾನಾಗಿ ಗಟ್ಟಿಯಾಗುತ್ತದೆ. ಬಿಸಿನೀರಿನ ಪಾತ್ರೆಯಲ್ಲಿಟ್ಟರೆ ಕರಗುತ್ತದೆ. ನಾನು ಕರಗಿಸಲಿಲ್ಲ. ಅಕ್ಕಿರೊಟ್ಟಿ ಕಾವಲಿಯಿಂದ ಇಳಿದದ್ದೇ ಬೆಣ್ಣೆಯಂತೆ ಅದನ್ನು ಹಚ್ಚಿ ಭಾವನ ಮುಂದಿಟ್ಟೆ. ಮೂರನೆಯ ರೊಟ್ಟಿಯ ಹೊತ್ತಿಗೆ ಬಾಟಲಿ ಮತ್ತೆ ಅವರ ಚೀಲ ಸೇರಿತ್ತು.